ದೊಡ್ಡಮ್ಮನ ಆಸರು

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲ ಮಾತು ‘ಆಸರಿಗೆ ಎಂತ ಆಗಬಹುದು?’ ಎಂದು. ಆಸರು ಎಂದರೆ ಬಾಯಾರಿಕೆ. ಬೆಲ್ಲದ ತುಂಡು, ಒಂದು ಗಿಂಡಿ ನೀರು, ಇಲ್ಲವಾದರೆ ಮಜ್ಜಿಗೆ. ಬಂದವರ ದಣಿವು ಇಳಿದ ಮೇಲೆಯೇ ಉಳಿದ ಮಾತು. ನನ್ನ ದೊಡ್ಡಮ್ಮ ಆ ಪ್ರಶ್ನೆಯನ್ನು ಅರುವತ್ತು ವರ್ಷ ಎಷ್ಟು ಜನರಿಗೆ ಕೇಳಿದ್ದಾರೋ ಲೆಕ್ಕವಿಲ್ಲ. ಅದೇ ಒಂದು ಪದ ಸುತ್ತಲಿದ್ದವರಿಗೆ ತಿಳಿಯದೆ ಹೋದದ್ದರಿಂದ ಅವರು ಐದು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ವೃದ್ಧಾಶ್ರಮಕ್ಕೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ.

ಮನೆಯ ಹಿರಿಯರನ್ನು ಇಂಥ ಕಡೆ ಸೇರಿಸುವ ಯೋಚನೆಯಲ್ಲಿರುವವರು ಕಾಸರಗೋಡಿನಲ್ಲಿ ಈಗ ಜಾಸ್ತಿ ಇದ್ದಾರೆ. 2011ರ ಜನಗಣತಿಯ ಹೊತ್ತಿಗೇ ಕೇರಳದಲ್ಲಿ ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಮಂದಿ ಅರುವತ್ತು ದಾಟಿದವರು. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುತ್ತಾರೆ. ತೋಟದ ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿಯುತ್ತಾರೆ. ಅಂಥವರ ಮನೆಯವರಿಗೆ ಉಪಯೋಗವಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಬದಿಯಡ್ಕದ ಆಚೆ ಅವರ ಮನೆ. ದೊಡ್ಡಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ಎಂಬತ್ತರವರೆಗೂ ಅಡಿಕೆಯ ಲೆಕ್ಕ ಬಾಯಲ್ಲೇ ಹೇಳುತ್ತಿದ್ದರು. ಆಮೇಲೆ ಮರೆವು ಶುರುವಾಯಿತು. ಹಾಲು ಒಲೆಯ ಮೇಲಿಟ್ಟು ಜಗಲಿಯಲ್ಲಿ ಕೂತುಬಿಡುವುದು, ಎಂದೋ ಮಾರಿದ ದನವನ್ನು ಸಂಜೆ ಹೊತ್ತು ತೋಟದಲ್ಲಿ ಹುಡುಕುವುದು. ಕೊನೆಗೆ ಬಚ್ಚಲಿನಲ್ಲಿ ಬಿದ್ದು ಎರಡು ತಿಂಗಳು ಹಾಸಿಗೆ ಹಿಡಿದರು. ಏಜೆನ್ಸಿಯಿಂದ ಹೋಂ ನರ್ಸ್ ಇಟ್ಟೆವು. ಒಬ್ಬರು ಮೂರು ವಾರ ನಿಂತರು, ಇನ್ನೊಬ್ಬರು ಹನ್ನೊಂದು ದಿನ. ಒಂಟಿ ಮನೆ, ಸಂಜೆಯಾದರೆ ಸುತ್ತ ಕತ್ತಲು, ಅವರಾದರೂ ಹೇಗೆ ನಿಲ್ಲುತ್ತಾರೆ?

ಆ ಎರಡು ತಿಂಗಳಲ್ಲಿ ನಮಗೆ ನಿಜವಾಗಿ ನೆರವಾದದ್ದು ಪಂಚಾಯತಿನ ಪಾಲಿಯೇಟಿವ್ ನರ್ಸ್, ಅಂದರೆ ವಾಸಿಯಾಗದ ಕಾಯಿಲೆಯವರ, ಹಾಸಿಗೆ ಹಿಡಿದವರ ನೋವು ಇಳಿಸಿ ಆರೈಕೆ ಮಾಡುವವರು. ಕೇರಳ ಸರ್ಕಾರ 2008ರಲ್ಲೇ ಇದಕ್ಕೊಂದು ನೀತಿ ಮಾಡಿದೆ, ದೇಶದಲ್ಲಿ ಅಂಥದ್ದು ಅದೇ ಮೊದಲು. ಹಾಸಿಗೆ ಹಿಡಿದವರ ಮನೆಗೇ ನರ್ಸ್ ಬರುತ್ತಾರೆ. ನಮ್ಮಲ್ಲಿಗೆ ಬಂದವರು ದೊಡ್ಡಮ್ಮನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನನಗೊಂದು ಪಾಠ ಹೇಳಿದರು. ‘ಕೆಂಪು ಕಂಡರೆ ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಹೆದರಬೇಡಿ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣು ಒಳಗೆ ಶುರುವಾಗಿದೆ ಎಂದೇ ಲೆಕ್ಕ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.’ ಅದು ಮುಂದೆ ನನಗೆ ಉಪಯೋಗಕ್ಕೆ ಬಂತು.

ನನ್ನ ಮನೆ ಕುಂಬಳೆ ಹತ್ತಿರ. ಇಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ನಮ್ಮ ಅತ್ತೆಯೂ ಹಾಸಿಗೆಯಲ್ಲೇ ಇದ್ದಾರೆ, ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಇಬ್ಬರನ್ನು ನೋಡಲು ಹೊರಟರೆ ಒಬ್ಬರಿಗೂ ಸರಿಯಾಗಿ ಆಗುತ್ತಿರಲಿಲ್ಲ.

ಆಶ್ರಮ ಹುಡುಕಲು ಹೊರಟಾಗ ಮೊದಲ ಪ್ರಶ್ನೆ, ಕರ್ನಾಟಕದ ಗಡಿಯಾದ ತಲಪಾಡಿಯ ಆಚೆಯೋ ಈಚೆಯೋ? ಮಂಗಳೂರಿನ ಕಡೆಯಾದರೆ ಕನ್ನಡ, ತುಳು ಎರಡೂ ನಡೆಯುತ್ತದೆ. ಆದರೆ 2020ರ ಮಾರ್ಚ್ ಕೊನೆಯಲ್ಲಿ ಗಡಿ ಮುಚ್ಚಿ ರಸ್ತೆಗೆ ಮಣ್ಣು ಸುರಿದದ್ದನ್ನು ಇಲ್ಲಿಯವರು ಮರೆತಿಲ್ಲ. ದೊಡ್ಡ ಕಾಯಿಲೆಗೆ ಮಂಗಳೂರನ್ನೇ ನಂಬಿದ ನಮ್ಮ ಜಿಲ್ಲೆಯ ರೋಗಿಗಳು ಆಂಬುಲೆನ್ಸಿನಲ್ಲೇ ಹಿಂದೆ ಬರಬೇಕಾಯಿತು. ಜೀವ ಹೋದದ್ದೂ ಇದೆ. ಆ ಹೆದರಿಕೆ ನನ್ನೊಳಗೆ ಇತ್ತು. ಅದೂ ಅಲ್ಲದೆ ಹತ್ತಿರವಿದ್ದರೆ ವಾರಕ್ಕೊಮ್ಮೆ ಹೋಗಬಹುದು. ಹಾಗಾಗಿ ಈಚೆಯೇ ಎಂದು ನಿರ್ಧರಿಸಿದೆ.

ನಾಲ್ಕು ಕಡೆ ನೋಡಿದೆವು. ಮೊದಲನೆಯದರಲ್ಲಿ ಆಫೀಸಿಗೆ ಎ.ಸಿ., ಮೀನಿನ ತೊಟ್ಟಿ, ಕೈಗೆ ಬಣ್ಣದ ಕರಪತ್ರ. ಮೇಲಿನ ಮಹಡಿಗೆ ಮಾತ್ರ ಬಿಡಲಿಲ್ಲ. ‘ಅವರಿಗೆ ವಿಶ್ರಾಂತಿ ಸಮಯ’ ಎಂದರು. ಬೆಳಗ್ಗೆ ಹತ್ತೂವರೆಗೆ ಯಾರ ವಿಶ್ರಾಂತಿ? ಎರಡನೆಯದರಲ್ಲಿ ಬಾಗಿಲಿನಲ್ಲೇ ಫಿನಾಯಿಲಿನ ವಾಸನೆ, ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಮೂರನೆಯದು ಸಣ್ಣದು, ಚೊಕ್ಕವಾಗಿತ್ತು, ಜಾಗವಿರಲಿಲ್ಲ. ನಾಲ್ಕನೆಯದಕ್ಕೆ ಬೇಕೆಂದೇ ಊಟದ ಹೊತ್ತಿಗೆ ಹೇಳದೆ ಹೋದೆ. ಒಬ್ಬ ಆಯಾ ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು, ಕೂತು, ಒಬ್ಬ ಅಜ್ಜಿಗೆ ಗಂಜಿ ತಿನ್ನಿಸುತ್ತಿದ್ದರು. ಒಂದು ಚಮಚ ಕೊಟ್ಟು ಗಂಟಲು ಇಳಿಯುವುದನ್ನು ನೋಡಿ ಆಮೇಲೆ ಇನ್ನೊಂದು. ನಿಂತುಕೊಂಡು ಬಾಯಿಗೆ ತುರುಕುವವರನ್ನು ನೋಡಿದ್ದ ನನಗೆ ಅಷ್ಟೇ ಸಾಕಾಯಿತು. ಈಗಲೂ ಆ ಆಯ್ಕೆ ತಪ್ಪೆಂದು ನನಗೆ ಅನಿಸುವುದಿಲ್ಲ.

ಅಲ್ಲೂ ಕೇಳಬೇಕಾದದ್ದನ್ನು ಕೇಳಿದೆ. ಕೇರಳದಲ್ಲಿ ಇಂಥ ಸಂಸ್ಥೆಗಳಿಗೆ ಆರ್ಫನೇಜ್ ಕಂಟ್ರೋಲ್ ಬೋರ್ಡಿನ ನೋಂದಣಿ ಬೇಕು. ಅದು 1960ರ ಕಾನೂನಿನ ಪ್ರಕಾರ ನಡೆಯುವುದು. ಸರ್ಟಿಫಿಕೇಟ್ ಗೋಡೆಯ ಮೇಲಿತ್ತು. ಒಟ್ಟು ಮೂವತ್ತನಾಲ್ಕು ಮಂದಿ, ರಾತ್ರಿ ಮೂವರು ಸಿಬ್ಬಂದಿ. ತಿಂಗಳಿಗೆ 17,000, ಡಯಾಪರ್ ಮತ್ತು ಮದ್ದು ಬೇರೆ. ಭಾಷೆಯದ್ದೂ ಕೇಳಿದೆ. ಮ್ಯಾನೇಜರ್ ಮೇಡಂ ನಕ್ಕರು. ‘ಇದು ಸಪ್ತಭಾಷೆಯ ಊರಲ್ವಾ? ಇಲ್ಲಿ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತದೆ.’ ನಾನೂ ತಲೆಯಾಡಿಸಿದೆ. ನಾವು ಕಾಸರಗೋಡಿನವರು ಈ ಮಾತನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತೇವೆ! ಆದರೆ ಅಲ್ಲಿಯ ಆಯಾಗಳಲ್ಲಿ ಹೆಚ್ಚಿನವರು ಇಡುಕ್ಕಿ, ವಯನಾಡಿನ ಕಡೆಯವರು. ಸಪ್ತಭಾಷೆ ಅವರ ಊರಲ್ಲಿಲ್ಲ. ಅದನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಸೇರಿಸುವ ದಿನ ನಾಲ್ಕು ಪುಟದ ಫಾರ್ಮ್ ತುಂಬಿದೆ. ಆಧಾರ್, ಫೋಟೋ, ಡಾಕ್ಟರ ಸರ್ಟಿಫಿಕೇಟ್, ಮದ್ದಿನ ಚೀಟಿ. ಬಿ.ಪಿ. ಇದೆಯೇ, ಸಕ್ಕರೆ ಇದೆಯೇ, ಯಾವ ಮದ್ದು ಆಗುವುದಿಲ್ಲ. ತೀರಿಕೊಂಡರೆ ಯಾರಿಗೆ ತಿಳಿಸಬೇಕು, ದೇಹ ಯಾರು ಒಯ್ಯುತ್ತಾರೆ, ಕ್ರಿಯೆ ಎಲ್ಲಿ, ಅದಕ್ಕೇ ಅರ್ಧ ಪುಟ. ಯಾವ ಭಾಷೆ ಮಾತಾಡುತ್ತಾರೆ ಎಂಬ ಗೆರೆ ಎಲ್ಲೂ ಇರಲಿಲ್ಲ. ಎಷ್ಟು ಹೊತ್ತಿಗೆ ಏಳುತ್ತಾರೆ, ಕಾಫಿಯೋ ಚಹಾವೋ, ಬಿಸಿನೀರೋ ತಣ್ಣೀರೋ, ಯಾವುದೂ ಇಲ್ಲ. ನಾನೂ ಬೇರೆ ಹಾಳೆಯಲ್ಲಿ ಬರೆದುಕೊಡಲಿಲ್ಲ.

‘ಎರಡು ವಾರ ಬರಬೇಡಿ, ಹೊಂದಿಕೊಳ್ಳಲಿ’ ಎಂದರು. ಆ ಮಾತು ಕೇಳಿದ್ದು ನಾನು ಮಾಡಿದ ದೊಡ್ಡ ತಪ್ಪು. ಮರೆವಿನ ಕಾಯಿಲೆ ಇರುವವರಿಗೆ ಹೊಸ ಜಾಗದ ಮೊದಲ ದಿನಗಳೇ ತುಂಬಾ ಕಷ್ಟದ ದಿನಗಳು. ಪರಿಚಯದ ಮುಖ ಬೇಕಾದದ್ದೇ ಆಗ. ಫೋನ್ ಮಾಡಿದಾಗೆಲ್ಲ ‘ಸುಖಮಾಣ್’ ಎಂದು ಉತ್ತರ ಬರುತ್ತಿತ್ತು. ಮೂರನೇ ವಾರ ನಮ್ಮ ಅತ್ತೆಗೆ ಜ್ವರ. ಅಂತೂ ನಾನು ಹೋಗಿ ಮುಟ್ಟುವಾಗ 26ನೇ ದಿನ.

ದೊಡ್ಡಮ್ಮ ಕಿಟಕಿಯ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು. ಸೊಂಟದ ಸುತ್ತ ಹಳೆಯ ಶಾಲು. ಚಳಿಗೆ ಹೊದಿಸಿದ್ದಾರೆ ಎಂದುಕೊಂಡೆ. ಹಿಂದೆ ಹೋಗಿ ನೋಡಿದರೆ ಕುರ್ಚಿಯ ಬೆನ್ನಿಗೆ ಎರಡು ಗಂಟು. ‘ಬಂದೆಯಾ ಮಗಾ’ ಎಂದರು. ಗುರುತು ಸಿಕ್ಕಿತು ಎಂದು ಸಂತೋಷವಾಯಿತು. ಆದರೆ ಮಾತು ಹೊರಡುತ್ತಲೇ ಇರಲಿಲ್ಲ, ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಬಾಯಿ ತೆರೆಸಿ ನೋಡಿದೆ. ನಾಲಗೆ ಬೇಸಿಗೆಯ ಗದ್ದೆಯ ಹಾಗೆ ಒಣಗಿ ಸೀಳಿತ್ತು. ತುಟಿಯ ಮೂಲೆಯಲ್ಲಿ ಬಿಳಿ ಪೊರೆ. ಹಲ್ಲಿನ ಸೆಟ್ ಬಾಯಲ್ಲಿರಲಿಲ್ಲ. ಕಪಾಟಿನಲ್ಲಿ ನ್ಯೂಸ್‌ಪೇಪರ್ ಸುತ್ತಿಟ್ಟಿದ್ದರು. ಎಷ್ಟು ದಿನದಿಂದ ಎಂದರೆ ಯಾರಿಗೂ ಗೊತ್ತಿಲ್ಲ. ನೀರಿನ ಬಾಟಲಿ ಇತ್ತು, ಮುಚ್ಚಳ ಬಿಗಿದು, ಕೈಗೆಟುಕದ ಮೇಜಿನ ಮೇಲೆ.

ಕಾಲಿನ ಸಾಕ್ಸ್ ತೆಗೆದೆ. ಎಡ ಹಿಮ್ಮಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕೆಂಪು. ಬೆರಳಿನಿಂದ ಒತ್ತಿದೆ. ಬಿಟ್ಟೆ. ಹಾಗೆಯೇ ಇತ್ತು.

ಆಗ ಆ ಆಯಾ ಬಂದರು. ಮೊದಲ ದಿನ ಸ್ಟೂಲಿನಲ್ಲಿ ಕೂತು ಗಂಜಿ ಕೊಡುತ್ತಿದ್ದರಲ್ಲ, ಅವರೇ. ನನ್ನನ್ನು ನೋಡಿ ಸಮಾಧಾನವಾದವರಂತೆ ಒಂದು ಪ್ರಶ್ನೆ ಕೇಳಿದರು. ‘ಚೇಚಿ, ಈ ಆಸರ್ ಎಂದರೆ ಯಾರು? ಅಮ್ಮನ ಮಗನಾ? ಹಗಲೂ ರಾತ್ರಿ ಆಸರ್, ಆಸರ್ ಎಂದು ಕರೆಯುತ್ತಾರೆ. ಅವನನ್ನು ಒಮ್ಮೆ ಬರಹೇಳಿ.’

ನನಗೆ ಉತ್ತರ ಕೊಡಲು ಸ್ವಲ್ಪ ಹೊತ್ತು ಬೇಕಾಯಿತು. ಹೇಳಿದಾಗ ಅವರು ಅಲ್ಲೇ ಮಂಚದ ಮೇಲೆ ಕೂತುಬಿಟ್ಟರು. ಎದ್ದು ಹೋಗಿ ಗ್ಲಾಸಿನಲ್ಲಿ ಬಿಸಿನೀರು ತಂದರು. ದೊಡ್ಡಮ್ಮ ಎರಡೂ ಕೈಯಲ್ಲಿ ಹಿಡಿದು ಕುಡಿದರು, ಕುಡಿದು ಇನ್ನೊಂದು ಕೇಳಿದರು.

ಕನ್ನಡ ಮತ್ತು ಮಲಯಾಳಂ ಹತ್ತಿರದ ಭಾಷೆಗಳು. ತೊಂದರೆ ಆದದ್ದೂ ಅದರಿಂದಲೇ. ತಲೆ, ಕಾಲು, ಬೇಡ, ಇದೆಲ್ಲ ಅವರಿಗೆ ತಿಳಿಯುತ್ತಿತ್ತು. ‘ನೀರು’ ಎಂದಿದ್ದರೂ ಯಾರಾದರೂ ಊಹಿಸುತ್ತಿದ್ದರೋ ಏನೋ. ಹತ್ತರಲ್ಲಿ ಆರು ಮಾತು ತಿಳಿದಾಗ ಉಳಿದ ನಾಲ್ಕು ಮುದುಕಿಯ ಬಡಬಡಿಕೆ ಅನಿಸಿಬಿಡುತ್ತದೆ. ದೊಡ್ಡಮ್ಮನ ಕಾಯಿಲೆಯ ಹೆಸರೇ ಮರೆವು. ಹಾಗಾಗಿ ಅವರ ಮಾತಿಗೆ ಅರ್ಥ ಇರಬಹುದು ಎಂದು ಯಾರೂ ಹುಡುಕಲಿಲ್ಲ.

ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂತ್ರದ ಸೋಂಕು, ಮೈಯಲ್ಲಿ ನೀರು ಕಡಿಮೆ. ಡಾಕ್ಟರು ವಿವರಿಸಿ ಹೇಳಿದರು. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ. ಅವರಾಗಿ ಕೇಳುವ ಹೊತ್ತಿಗೆ ಮೈ ಆಗಲೇ ಒಣಗಿರುತ್ತದೆ. ಸೋಂಕು ಬಂದರೂ ಎಷ್ಟೋ ಸಲ ಜ್ವರ ಇರುವುದಿಲ್ಲ, ಬರೀ ಗಲಿಬಿಲಿ. ಇದ್ದಕ್ಕಿದ್ದಂತೆ ಮಾತು ತಪ್ಪಿದರೆ, ರಾತ್ರಿ ಕಿರುಚಿದರೆ, ‘ಮರೆವು ಜಾಸ್ತಿಯಾಗಿದೆ’ ಎಂದು ಕೈಬಿಡಬಾರದು, ಮೂತ್ರ ಪರೀಕ್ಷೆ ಮಾಡಿಸಬೇಕು. ತೂಕ ನೋಡಿದರು, 42 ಕಿಲೋ ಚಿಲ್ಲರೆ. ಸೇರಿಸುವಾಗ 47 ಇತ್ತು. ಡ್ರಿಪ್, ಆ್ಯಂಟಿಬಯೋಟಿಕ್. ನಾಲ್ಕನೇ ದಿನ ದೊಡ್ಡಮ್ಮ ಪಕ್ಕದ ಮಂಚದವರ ಹತ್ತಿರ ಅಡಿಕೆಗೆ ಎಷ್ಟು ರೇಟು ಎಂದು ಕೇಳಿದರು.

ಸಿಟ್ಟು ನನಗೆ ತುಂಬಾ ಬಂದಿತ್ತು. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದೆ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಸಿಗುವ ನಂಬರ್ ಅದು, ಬರೆದಿಟ್ಟುಕೊಳ್ಳಿ. ಸಾಮಾಜಿಕ ನ್ಯಾಯ ಇಲಾಖೆಗೆ ಕೊಡಲೆಂದು ದೂರನ್ನೂ ಬರೆದೆ, ಕನ್ನಡದಲ್ಲೇ. 1969ರ ಕೇರಳದ ಭಾಷಾ ಕಾನೂನಿನ ಪ್ರಕಾರ ನಮ್ಮ ಕಡೆಯ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಬರೆದು ಮುಗಿಸಿ ಓದುವಾಗ ಒಂದು ಯೋಚನೆ ಬಂತು. ಕಾಗದಕ್ಕೆ ಇರುವ ಈ ಹಕ್ಕು ಒಂದು ಗ್ಲಾಸ್ ನೀರು ಕೇಳುವ ಬಾಯಿಗೆ ಯಾರು ಕೊಡಿಸುತ್ತಾರೆ? ದೂರನ್ನು ಬ್ಯಾಗಿನಲ್ಲಿಟ್ಟುಕೊಂಡು ಮೊದಲು ಮ್ಯಾನೇಜರ್ ಮೇಡಂ ಹತ್ತಿರ ಹೋದೆ.

ಅವರು ರಿಜಿಸ್ಟರ್ ತೆಗೆದು ತೋರಿಸಿದರು. ಪ್ರತಿದಿನವೂ ಬರೆದಿದ್ದರು, ಅದನ್ನು ಒಪ್ಪಲೇಬೇಕು. ‘ಎದ್ದು ಹೊರಗೆ ಓಡಲು ನೋಡಿದರು.’ ‘ರಾತ್ರಿ ಎರಡು ಗಂಟೆಗೆ ಬೆಟ್ಟಕ್ಕೆ ಹೋಗಬೇಕೆಂದು ಹಟ.’ ‘ಕುರ್ಚಿಯಲ್ಲಿ ಕೂರಿಸಿ ಕಟ್ಟಲಾಯಿತು.’ ಬೆಟ್ಟ? ದೊಡ್ಡಮ್ಮ ಹೇಳಿದ್ದು ‘ಗುಡ್ಡೆಗೆ ಹೋಗಬೇಕು’ ಎಂದು. ಅವರ ಕಾಲದಲ್ಲಿ ಕಕ್ಕಸು ಎಲ್ಲಿತ್ತು? ಮನೆಯ ಹಿಂದಿನ ಗುಡ್ಡೆಗೇ ಹೋಗುತ್ತಿದ್ದರು. ಮನೆಯೊಳಗೆ ಟಾಯ್ಲೆಟ್ ಬಂದು ನಲುವತ್ತು ವರ್ಷವಾದರೂ ಮಾತು ಅದೇ ಉಳಿಯಿತು. ಸಿಬ್ಬಂದಿಯಲ್ಲಿ ಒಬ್ಬರಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತಂತೆ. ಗುಡ್ಡ ಎಂದರೆ ಬೆಟ್ಟ ಎಂದು ಅವರೇ ಅನುವಾದ ಮಾಡಿ ಹೇಳಿದ್ದು. ಕಕ್ಕಸಿಗೆ ಹೋಗಬೇಕೆಂದು ಎದ್ದವರನ್ನು ಕಟ್ಟಿ ಕೂರಿಸಿದರು. ಬಟ್ಟೆ ಒದ್ದೆಯಾಯಿತು. ಡಯಾಪರ್ ಹಾಕಿದರು. ಸೋಂಕು ಬಂತು. ಒಂದೊಂದು ಸಾಲಿಗೂ ನಾನು ಅರ್ಥ ಹೇಳುತ್ತಾ ಹೋದೆ. ಮೇಡಂ ಪೆನ್ನು ಕೆಳಗಿಟ್ಟರು. ಆಮೇಲೆ ಡ್ಯೂಟಿಯಲ್ಲಿದ್ದ ಎಲ್ಲರನ್ನೂ ಒಳಗೆ ಕರೆದು ‘ಇದನ್ನು ಇನ್ನೊಮ್ಮೆ ಹೇಳಿ’ ಎಂದರು.

ಅಲ್ಲಿ ಯಾರೂ ಕೆಟ್ಟವರಲ್ಲ. ಹನ್ನೆರಡು ಗಂಟೆಯ ಡ್ಯೂಟಿ, ಅಲ್ಲಿರುವ ಹಿರಿಯರಲ್ಲಿ ಹನ್ನೊಂದು ಮಂದಿ ಹಾಸಿಗೆಯಿಂದ ಏಳಲಾಗದವರು. ಎತ್ತಿ ಎತ್ತಿ ಆಯಾಗಳ ಸೊಂಟವೂ ಹೋಗಿದೆ. ಅಷ್ಟಾದರೂ ಕಟ್ಟಿ ಕೂರಿಸಿದ್ದನ್ನು ನಾನು ಒಪ್ಪುವುದಿಲ್ಲ, ಅದನ್ನು ಅವರ ಮುಖಕ್ಕೇ ಹೇಳಿದೆ. ಇನ್ನು ಕಟ್ಟಬಾರದು. ಕೇಳಲಿ ಬಿಡಲಿ, ಹಗಲು ಎರಡು ಗಂಟೆಗೊಮ್ಮೆ ಕೈಯಲ್ಲಿ ಹಿಡಿದು ನೀರು ಕುಡಿಸಬೇಕು, ಕುಡಿಸಿದ್ದನ್ನು ಬರೆಯಬೇಕು. ಎದ್ದಾಗ, ಊಟವಾದ ಮೇಲೆ, ಮಲಗುವ ಮೊದಲು ಟಾಯ್ಲೆಟ್ಟಿಗೆ ಕರೆದೊಯ್ಯಬೇಕು. ಊಟಕ್ಕೆ ಮೊದಲು ಹಲ್ಲಿನ ಸೆಟ್. ತಿಂಗಳ ಒಂದನೇ ತಾರೀಖು ತೂಕ. ನಾನು ಯಾವಾಗ ಬಂದರೂ ಬಾಗಿಲು ತೆರೆಯಬೇಕು. ಎಲ್ಲದಕ್ಕೂ ಹೂಂ ಎಂದರು. ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಮಾತ್ರ, ಇರುವ ಮೂವರಲ್ಲಿ ಆಗುವುದಿಲ್ಲ ಎಂದು ನೇರವಾಗಿ ಹೇಳಿದರು. ಸುಳ್ಳು ಭರವಸೆ ಕೊಡಲಿಲ್ಲ ಎಂದು ನನಗೆ ನಂಬಿಕೆ ಬಂತು. ಗಾಳಿ ತುಂಬುವ ಹಾಸಿಗೆ ನಾನೇ ತಂದುಕೊಟ್ಟೆ. ದೂರು ಬ್ಯಾಗಿನಲ್ಲೇ ಉಳಿಯಿತು.

ಹಣದ ವಿಷಯವನ್ನೂ ಹೇಳಿಬಿಡುತ್ತೇನೆ. ದೊಡ್ಡಪ್ಪನ ಅಣ್ಣನ ಮಗ ಆ ತೋಟದ ಅಡಿಕೆ ಕೊಯ್ಯುತ್ತಾನೆ, ಮುಂದೆ ಆಸ್ತಿಯೂ ಅವನ ಕಡೆಗೇ ಹೋಗುವುದು. ‘ನಾನೇನು ಮಗನಾ?’ ಎಂದ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾನೂನಿನಲ್ಲಿ ಅದಕ್ಕೆ ಉತ್ತರ ಇದೆ. ಮಕ್ಕಳಿಲ್ಲದ ಹಿರಿಯರ ಆಸ್ತಿ ಯಾರ ಕೈಯಲ್ಲಿದೆಯೋ, ಯಾರಿಗೆ ಬರುತ್ತದೋ, ಆ ಸಂಬಂಧಿಕರು ಅವರನ್ನು ನೋಡಿಕೊಳ್ಳಬೇಕು. ಟ್ರಿಬ್ಯೂನಲ್ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಅಷ್ಟು ಹೇಳಿದ ಮೇಲೆ ಅವನು ಕಳಿಸಲು ಶುರು ಮಾಡಿದ. ಟ್ರಿಬ್ಯೂನಲ್ ಮೆಟ್ಟಿಲು ಹತ್ತಬೇಕಾಗಲಿಲ್ಲ.

ಆ ರಾತ್ರಿ ಮನೆಗೆ ಬಂದು ಒಂದು ಡ್ರಾಯಿಂಗ್ ಹಾಳೆ ತೆಗೆದುಕೊಂಡು ಕೂತೆ. ಎಡಗಡೆ ದೊಡ್ಡಮ್ಮ ಹೇಳುವ ಮಾತು, ಮಲಯಾಳಂ ಅಕ್ಷರದಲ್ಲಿ. ಬಲಗಡೆ ಅದರ ಅರ್ಥ. ಆಸರು, ನೀರು ಬೇಕು. ಗುಡ್ಡೆಗೆ, ಟಾಯ್ಲೆಟ್ಟಿಗೆ. ಬಚ್ಚುತ್ತದೆ ಎಂದರೆ ಸುಸ್ತಾಗಿದೆ, ಮಲಗಿಸಿ. ಸೆಕೆ ಎಂದರೆ ಫ್ಯಾನ್ ಹಾಕಿ. ಬೇನೆ ಎಂದರೆ ನೋವು, ಎಲ್ಲಿ ಎಂದು ಮುಟ್ಟಿ ಕೇಳಿ. ಕೊನೆಗೆ, ‘ಗೌರಿ ಬಂತಾ’ ಎಂದು ಕೇಳಿದರೆ ಅದು ದನ, ‘ಹಟ್ಟಿಯಲ್ಲಿದೆ’ ಎಂದು ಹೇಳಿ, ಸುಮ್ನೆ ಆಗುತ್ತಾರೆ. ಹದಿನೇಳು ಸಾಲಾಯಿತು. ಮಂಚದ ತಲೆಯ ಮೇಲಿನ ಗೋಡೆಗೆ ಅಂಟಿಸಿದೆವು.

ಎರಡು ವಾರದ ನಂತರ ಹೋದಾಗ ಬಾಗಿಲ ಹೊರಗೇ ನಿಂತು ಕೇಳಿಸಿಕೊಂಡೆ. ‘ಅಮ್ಮೇ, ಆಸರ್ ವೇಣೋ?’ ಎಂದು ಆ ಆಯಾ ಕೇಳುತ್ತಿದ್ದರು. ‘ಅರ್ಧ ಗ್ಲಾಸು ಸಾಕು’ ಎಂದರು ದೊಡ್ಡಮ್ಮ. ಮೂರು ತಿಂಗಳಲ್ಲಿ ತೂಕ 45ಕ್ಕೆ ಬಂತು. ಹಿಮ್ಮಡಿಯ ಕೆಂಪು ಹೋಯಿತು. ಪಕ್ಕದ ಕೋಣೆಯ ಕೊಂಕಣಿ ಮಾತಾಡುವ ಅಜ್ಜನಿಗೂ ಅವರ ಮಗಳು ಒಂದು ಹಾಳೆ ಬರೆದು ಅಂಟಿಸಿದ್ದಾರೆ. ಮೇಡಂ ಸೇರಿಸುವ ಫಾರ್ಮಿಗೆ ಒಂದು ಪುಟ ಸೇರಿಸಿದ್ದಾರೆ, ಭಾಷೆ, ಇಷ್ಟದ ತಿಂಡಿ, ಮನೆಯಲ್ಲಿ ಬಳಸುವ ಮಾತು ಎಂದೆಲ್ಲ ಬರೆಯಲು.

ಇದೆಲ್ಲ ಆಗಿ ಒಂದು ವರ್ಷ ಕಳೆಯಿತು. ಆ ಆಯಾ ಕೇರ್‌ಗಿವರ್ ಕೆಲಸ ಸಿಕ್ಕಿ ಕಳೆದ ತಿಂಗಳು ಇಸ್ರೇಲಿಗೆ ಹೋದರು. ಹೋಗುವ ಮೊದಲು ದೊಡ್ಡಮ್ಮನ ಕೈ ಹಿಡಿದು ಅತ್ತರಂತೆ. ಅವರ ಜಾಗಕ್ಕೆ ಇಪ್ಪತ್ತೆರಡರ ಒಬ್ಬ ಹುಡುಗಿ ಬಂದಿದ್ದಾಳೆ, ಕನ್ನಡ ಒಂದಕ್ಷರ ಬಾರದು. ಗೋಡೆಯ ಹಾಳೆ ಮಳೆಗಾಲದ ಶೀತಕ್ಕೆ ಮೆತ್ತಗಾಗಿ ಒಂದು ಮೂಲೆ ಹರಿದಿದೆ, ‘ಬೇನೆ’ಯ ಸಾಲು ಅಳಿಸಿಹೋಗಿದೆ. ಹೊಸತು ಬರೆದು, ಈ ಸಲ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ. ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಹೋಗಬೇಕು. ಅವಳ ಡ್ಯೂಟಿ ಎಂಟಕ್ಕೆ ಮುಗಿಯುತ್ತದಂತೆ.